ಬೆನ್ನಿ ಗುಡ್‌ಮನ್‌ನ ಸಣ್ಣ ಮೇಳ

ನಮ್ಮ ರಾಯದುರ್ಗದ ಕಡೆ ಮದುವೆ ಮೆರವಣಿಗೆ ಹೊರಟರೆ ಮುಂದೆ ಬ್ಯಾಂಡ್ ಸೆಟ್ಟು ಇರಲೇಬೇಕಿತ್ತು. ಈಗ ಡಿ.ಜೆ. ಬಂದು ಬ್ಯಾಂಡಿನವರ ಹೊಟ್ಟೆ ಮೇಲೆ ಹೊಡೆದಿದೆ, ಅದು ಬೇರೆ ಮಾತು. ನಾನು ಹತ್ತನೇ ಕ್ಲಾಸು ಮುಗಿಸಿದ ಮೇಲೆ ಮೂರು ಸೀಜನ್ ನಮ್ಮೂರ ಬ್ಯಾಂಡಿನಲ್ಲಿ ಎರಡನೇ ಕ್ಲಾರಿಯೋನೆಟ್ ಊದಿದವನು. ಹದಿನಾಲ್ಕು ಜನ, ಕೆಂಪು ಕೋಟು, ಹಿತ್ತಾಳೆ ಗುಂಡಿ. ಹೆಣ್ಣಿನ ಕಡೆಯವರು ತೆಲುಗಿನವರಾದರೆ ತೆಲುಗು ಸಿನಿಮಾ ಹಾಡು, ಕನ್ನಡದವರಾದರೆ ಕನ್ನಡ ಹಾಡು. ಡ್ರಮ್ಮಿನ ಸದ್ದಿನೊಳಗೆ ನಾನು ಊದಿದೆನೋ ಬಿಟ್ಟೆನೋ ನನಗೇ ಕೇಳುತ್ತಿರಲಿಲ್ಲ. ತಪ್ಪು ಊದಿದರೂ ಕೇಳುವವರಿಲ್ಲ, ಚೆನ್ನಾಗಿ ಊದಿದರೂ ಕೇಳುವವರಿಲ್ಲ.

ಸೀಜನ್ ಮುಗಿದು ಆಷಾಢ ಬಂತು ಅಂದರೆ ಕೋಟು ಮಡಚಿ ಪೆಟ್ಟಿಗೆಗೆ. ಶೇಂಗಾ ಬಿತ್ತಲು ಮಳೆ ದಾರಿ ಕಾಯುವ ದಿನಗಳವು. ಆಗ ರಾತ್ರಿ ಗುಡಿ ಕಟ್ಟೆ ಮೇಲೆ ನಾವು ನಾಲ್ಕೇ ಜನ ಕೂಡುತ್ತಿದ್ದೆವು. ಮೇಷ್ಟ್ರ ಒಂದು ಕ್ಲಾರಿಯೋನೆಟ್, ನನ್ನದೊಂದು, ಒಂದು ಹಾರ್ಮೋನಿಯಂ, ಒಂದು ಡೋಲಕ್. ಅಲ್ಲಿ ನಾನು ಉಸಿರು ಎಳೆದುಕೊಂಡದ್ದೂ ಹಾರ್ಮೋನಿಯಂನವನಿಗೆ ಗೊತ್ತಾಗುತ್ತಿತ್ತು. ಮೇಷ್ಟ್ರು ಮೇಲೆ ಹೋದರೆ ನಾನು ಕೆಳಗೆ ಇಳಿಯಬೇಕು, ಅವರು ನಿಲ್ಲಿಸಿದರೆ ನಾನು ಎತ್ತಿಕೊಳ್ಳಬೇಕು. ತಪ್ಪಿದರೆ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಕೈಗೆ ಒಂದು ಪೈಸೆ ಬರುತ್ತಿರಲಿಲ್ಲ, ಆದರೂ ಆ ರಾತ್ರಿಗಳ ಸುಖ ಮೂರು ಸೀಜನ್ನಿನ ಮೆರವಣಿಗೆಯಲ್ಲಿ ನನಗೆ ಸಿಕ್ಕಿಲ್ಲ.

ಅದೇ ಕಾಲದಲ್ಲಿ, 1986ರ ಮಳೆಗಾಲ ಇರಬೇಕು, ಕಿರಾಣಿ ಅಂಗಡಿಯವನು ಬೆಲ್ಲ ಕಟ್ಟಿಕೊಟ್ಟ ಇಂಗ್ಲಿಷ್ ಪೇಪರಿನಲ್ಲಿ ಒಂದು ಫೋಟೋ ಕಂಡಿತು. ಕನ್ನಡಕದ ಒಬ್ಬ ಬಿಳಿಯ, ಕೈಯಲ್ಲಿ ಕ್ಲಾರಿಯೋನೆಟ್. ತೀರಿಹೋದ ಸುದ್ದಿ. ನನಗೆ ಓದಲು ಬಂದದ್ದು ಹೆಸರು ಮತ್ತು ನ್ಯೂಯಾರ್ಕ್ ಅನ್ನುವ ಊರು, ಅಷ್ಟೆ. ಕ್ಲಾರಿಯೋನೆಟ್ ಊದುವವನು ಸತ್ತರೆ ಪೇಪರಿನಲ್ಲಿ ಫೋಟೋ ಹಾಕುತ್ತಾರೆ ಅನ್ನುವುದೇ ನನಗೆ ದೊಡ್ಡ ಆಶ್ಚರ್ಯ. ಬೆಲ್ಲದ ಅಂಟು ಒರೆಸಿ ಆ ಚೂರನ್ನು ಬಹಳ ವರ್ಷ ಇಟ್ಟುಕೊಂಡಿದ್ದೆ. ಆತನ ಸಂಗೀತ ಕೇಳಿದ್ದು ಮಾತ್ರ ಮಗ ಫೋನು ತಂದ ಮೇಲೆ. ಕೇಳಿದಾಗ ಗೊತ್ತಾಯಿತು, ಈತನೂ ಗುಡಿ ಕಟ್ಟೆಯ ಗಿರಾಕಿ. ದೊಡ್ಡ ಬ್ಯಾಂಡಿನಿಂದ ಹೆಸರು, ಹಣ ಎರಡೂ ಮಾಡಿದರೂ ಆತನ ಜೀವ ಇದ್ದದ್ದು ಮೂವರು, ನಾಲ್ವರು, ಐವರ ಮೇಳದಲ್ಲಿ. ಆ ಬೆನ್ನಿ ಗುಡ್‌ಮನ್‌ನ ಕಥೆ ಹೇಳುತ್ತೇನೆ.

ಅದಕ್ಕೂ ಮುಂಚೆ ವಾದ್ಯದ ಬಗ್ಗೆ ಎರಡು ಮಾತು. ಎರಡು ಅಡಿಗೆ ಒಂದೆರಡು ಇಂಚು ಜಾಸ್ತಿ ಉದ್ದದ ಕರಿ ಮರದ ಕೊಳವೆ, ಮೈ ತುಂಬ ಬೆಳ್ಳಿ ಬಣ್ಣದ ಕೀಲಿಗಳು. ನಮ್ಮ ಸನ್ನಾಯಿ, ನಾಗಸ್ವರಗಳಲ್ಲಿ ಉಸಿರು ಎರಡು ಓಲೆಗಳ ನಡುವೆ ನುಗ್ಗುತ್ತದೆ. ಇದಕ್ಕೆ ಜೊಂಡಿನಿಂದ ಸೀಳಿದ ಒಂದೇ ರೀಡು. ಸನ್ನಾಯಿ ಬಯಲಿನ ವಾದ್ಯ, ಪಿಸುಮಾತು ಅದಕ್ಕೆ ಕಷ್ಟ. ಕ್ಲಾರಿಯೋನೆಟ್ ಹಾಗಲ್ಲ, ಹೊಲದ ಆಚೆ ಬದುವಿಗೂ ಕೇಳಿಸಬಲ್ಲದು, ಮಗ್ಗುಲಲ್ಲಿ ಮಲಗಿದ ಕೂಸು ಏಳದ ಹಾಗೆಯೂ ಹಾಡಬಲ್ಲದು. ಕೆಳಗಿನ ಸ್ವರಗಳು ಗಡಿಗೆಯೊಳಗಿಂದ ಬಂದ ಹಾಗೆ ದುಂಡಗೆ, ಮೇಲಿನವು ಚೂಪು. ರಾಯಚೂರಿನ ನರಸಿಂಹಲು ವಡವಾಟಿ ಅವರು ಇದರ ಮೇಲೆ ಹಿಂದೂಸ್ತಾನಿ ರಾಗ ನುಡಿಸಿ ಹೆಸರಾದದ್ದು ನಮ್ಮ ಸೀಮೆಯವರಿಗೆ ತಿಳಿದೇ ಇದೆ.

ಗುಡ್‌ಮನ್ ಹುಟ್ಟಿದ್ದು 1909ರ ಮೇ 30ರಂದು, ಅಮೆರಿಕದ ಶಿಕಾಗೋದ ಬಡವರ ಕೇರಿಯಲ್ಲಿ. ಅಪ್ಪ ಡೇವಿಡ್, ವಾರ್ಸಾ ಕಡೆಯಿಂದ ಬಂದ ಯಹೂದಿ ದರ್ಜಿ. ತಾಯಿ ಡೋರಾ ಲಿಥುವೇನಿಯಾದವಳು. ಹನ್ನೆರಡು ಮಕ್ಕಳಲ್ಲಿ ಬೆನ್ನಿ ಒಂಬತ್ತನೆಯವನು. ಹೊಲಿಗೆ ಕೆಲಸ ಸಾಲದೆ ಬಂದಾಗ ಅಪ್ಪ ಕಸಾಯಿಖಾನೆಯಲ್ಲಿ ಹಂದಿ ಕೊಬ್ಬು ಗೋರುವ ಕೂಲಿಗೂ ಹೋದ. ಆ ವಾಸನೆ ಹೊತ್ತು ಸಂಜೆ ಮನೆಗೆ ಬರುತ್ತಿದ್ದ ಅಪ್ಪನನ್ನು ಮಗ ಮರೆಯಲಿಲ್ಲ.

ಆ ಅಪ್ಪನಿಗೆ ಒಂದು ಹುಚ್ಚಿತ್ತು, ಮಕ್ಕಳು ತನ್ನ ಹಾಗೆ ಗೋರಬಾರದು. 1919ರಲ್ಲಿ ಒಂದು ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಮಕ್ಕಳಿಗೆ ಕಡಿಮೆ ಖರ್ಚಿನಲ್ಲಿ ವಾದ್ಯ ಕಲಿಸುತ್ತಾರೆ ಅಂತ ಕೇಳಿ ಮೂವರು ಹುಡುಗರನ್ನು ಕರೆದೊಯ್ದ. ಅಲ್ಲಿ ವಾದ್ಯ ಹಂಚಿದ್ದು ಮೈಕಟ್ಟು ನೋಡಿ. ದೊಡ್ಡವನು ಹ್ಯಾರಿಗೆ ಟ್ಯೂಬಾ, ನಡುವಿನ ಫ್ರೆಡ್ಡಿಗೆ ಟ್ರಂಪೆಟ್, ಎಲ್ಲರಿಗಿಂತ ಸಣ್ಣವನು ಬೆನ್ನಿಗೆ ಕ್ಲಾರಿಯೋನೆಟ್. ಹುಡುಗ ನಾಲ್ಕು ಇಂಚು ಎತ್ತರ ಇದ್ದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಮುಂದೆ ಹಲ್ ಹೌಸ್ ಅನ್ನುವ ಸೇವಾ ಸಂಸ್ಥೆಯ ಹುಡುಗರ ಬ್ಯಾಂಡು. ಆಮೇಲೆ ಫ್ರಾನ್ಸ್ ಶೆಪ್ ಅನ್ನುವ ಜರ್ಮನ್ ಮೂಲದ ಗುರುವಿನ ಹತ್ತಿರ ಎರಡು ವರ್ಷ ಶಾಸ್ತ್ರೀಯ ಪಾಠ. ಈ ಗುರುವಿನ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಒಬ್ಬ ಶಿಷ್ಯನ ಪಾಠ ಮುಗಿದರೆ ತಕ್ಷಣ ಮನೆಗೆ ಕಳಿಸುತ್ತಿರಲಿಲ್ಲ. ಮುಂದಿನ ಶಿಷ್ಯ ಬರುವ ತನಕ ಕೂಡಿಸಿಕೊಂಡು, ಇಬ್ಬರಿಗೂ ಜೋಡಿಯಾಗಿ ಊದಲು ಹಚ್ಚುತ್ತಿದ್ದ. ಬೆನ್ನಿಗೆ ಹೀಗೆ ಜೋಡಿಯಾದವನು ಬಸ್ಟರ್ ಬೇಯ್ಲಿ, ಆತನಿಗಿಂತ ಏಳು ವರ್ಷ ದೊಡ್ಡವನು, ಕಪ್ಪು ಜನಾಂಗದವನು, ಮುಂದೆ ತಾನೂ ದೊಡ್ಡ ವಾದಕನಾದವನು. ಆಗಿನ ಶಿಕಾಗೋದಲ್ಲಿ ಬಿಳಿಯರಿಗೊಂದು ಕೇರಿ, ಕರಿಯರಿಗೊಂದು ಕೇರಿ. 1919ರಲ್ಲೇ ಅಲ್ಲಿ ದೊಡ್ಡ ಗಲಭೆಯಾಗಿ ಮೂವತ್ತೆಂಟು ಜನ ಸತ್ತಿದ್ದರು. ಅಂಥ ಊರಿನಲ್ಲಿ ಒಬ್ಬ ಗುರುವಿನ ಕೋಣೆಯಲ್ಲಿ ಎರಡು ಬಣ್ಣದ ಹುಡುಗರು ಒಂದೇ ಹಾಳೆ ನೋಡಿಕೊಂಡು ಊದುತ್ತಿದ್ದರು. ನನ್ನ ಲೆಕ್ಕಕ್ಕೆ ಗುಡ್‌ಮನ್‌ನ ಮುಂದಿನ ಕಥೆಯೆಲ್ಲ ಆ ಕೋಣೆಯಲ್ಲೇ ಮೊಳೆತದ್ದು.

ಹದಿನಾಲ್ಕಕ್ಕೆ ದುಡಿಮೆ ಶುರು. 1925ರಲ್ಲಿ, ಹದಿನಾರರ ಹುಡುಗ, ಬೆನ್ ಪೊಲಾಕ್‌ನ ಬ್ಯಾಂಡು ಸೇರಿ ಕ್ಯಾಲಿಫೋರ್ನಿಯಾಕ್ಕೆ ಹೋದ. ಮನೆಗೆ ದುಡ್ಡು ಬರಲು ಹತ್ತಿತು. ಅಪ್ಪ ಆಗ ಪೇಪರ್ ಮಾರುವ ಗೂಡಂಗಡಿ ಇಟ್ಟಿದ್ದ. ಮಕ್ಕಳು ಅಂಗಡಿ ಮುಚ್ಚಿ ಮನೆಯಲ್ಲಿ ಇರು ಅಂತ ಒತ್ತಾಯ ಮಾಡಿದರು. ಅಪ್ಪ ಕೇಳಲಿಲ್ಲ. ಮಕ್ಕಳ ದುಡ್ಡು ಮಕ್ಕಳಿಗೆ, ತನ್ನ ಕೆಲಸ ತನಗೆ ಅನ್ನುವ ಜಾತಿಯ ಮನುಷ್ಯ. ನಮ್ಮಲ್ಲಿಯೂ ಇಂಥ ಅಪ್ಪಂದಿರು ಇದ್ದಾರೆ, ಮಗ ಬೆಂಗಳೂರಿನಿಂದ ಹಣ ಕಳಿಸಿದರೂ ಬೆಳಗ್ಗೆ ಎದ್ದು ಹೊಲಕ್ಕೇ ಹೋಗುವವರು. 1926ರ ಚಳಿಗಾಲದಲ್ಲಿ ಡೇವಿಡ್ ಗುಡ್‌ಮನ್ ಟ್ರಾಮಿನಿಂದ ಇಳಿದು ರಸ್ತೆ ದಾಟುವಾಗ ಕಾರು ಬಡಿದು ತೀರಿಹೋದ. ಮಗನ ಹೆಸರು ಜಗತ್ತು ಕೇಳಲು ಇನ್ನೂ ಒಂಬತ್ತು ವರ್ಷ ಬಾಕಿ. ಈ ಕೊರಗು ಗುಡ್‌ಮನ್‌ಗೆ ಸಾಯುವ ತನಕ ಇತ್ತು.

ಮುಂದಿನ ಎಂಟು ವರ್ಷ ಬೇಗ ಹೇಳಿಬಿಡುತ್ತೇನೆ. ನ್ಯೂಯಾರ್ಕಿಗೆ ಬಂದು ರೇಡಿಯೋದಲ್ಲಿ, ರೆಕಾರ್ಡು ಕಂಪನಿಗಳಲ್ಲಿ ಯಾರು ಕರೆದರೂ ಹೋಗಿ ಊದುವ ಕೂಲಿ ವಾದಕನಾಗಿದ್ದ. 1934ರಲ್ಲಿ ಸ್ವಂತ ಬ್ಯಾಂಡು ಕಟ್ಟಿದ. ಕಪ್ಪು ಸಂಗೀತಗಾರ ಫ್ಲೆಚರ್ ಹೆಂಡರ್ಸನ್ ಬರೆದುಕೊಟ್ಟ ಸ್ವರ ಜೋಡಣೆಗಳು ಆ ಬ್ಯಾಂಡಿನ ಬೆನ್ನೆಲುಬು. 1935ರ ಬೇಸಿಗೆಯಲ್ಲಿ ದೇಶದ ಉದ್ದಕ್ಕೂ ಸಂಚಾರ ಹೊರಟರೆ ಊರೂರಲ್ಲಿ ಜನ ಮುಖ ತಿರುಗಿಸಿದರು, ಡೆನ್ವರ್‌ನಲ್ಲಿ ಮಾನವೇ ಹೋಯಿತು. ಕೊನೆಗೆ ಆಗಸ್ಟ್ 21ರಂದು ಲಾಸ್ ಏಂಜಲೀಸ್‌ನ ಪಾಲೊಮಾರ್ ನೃತ್ಯಶಾಲೆಯಲ್ಲಿ, ಆದದ್ದಾಗಲಿ ಅಂತ ತಮಗೆ ಬೇಕಾದ ಬಿಸಿ ಬಿಸಿ ಸಂಗೀತ ಎತ್ತಿಕೊಂಡರು. ಹುಡುಗರು ವೇದಿಕೆಗೆ ಮುತ್ತಿದರು. ಸ್ವಿಂಗ್ ಅನ್ನುವ ಕುಣಿತದ ಸಂಗೀತದ ಕಾಲ ಆ ರಾತ್ರಿಯಿಂದ ಅಂತ ಇತಿಹಾಸ ಬರೆಯುವವರು ಎಣಿಸುತ್ತಾರೆ. ಗುಡ್‌ಮನ್ ಸ್ವಿಂಗ್‌ನ ರಾಜನಾದ.

ನನಗೆ ಬೇಕಾದದ್ದು ಅದಕ್ಕೂ ಎರಡು ತಿಂಗಳು ಹಿಂದಿನ ಒಂದು ರಾತ್ರಿ. ನ್ಯೂಯಾರ್ಕಿನಲ್ಲಿ ಮಿಲ್ಡ್ರೆಡ್ ಬೇಯ್ಲಿ ಅನ್ನುವ ಗಾಯಕಿ ಮತ್ತು ಆಕೆಯ ಗಂಡ ರೆಡ್ ನಾರ್ವೊ ಮನೆಗೆ ಗೆಳೆಯರನ್ನು ಊಟಕ್ಕೆ ಕರೆದಿದ್ದರು. ಗುಡ್‌ಮನ್ ಬಂದಿದ್ದ. ಟೆಡ್ಡಿ ವಿಲ್ಸನ್ ಅನ್ನುವ ಇಪ್ಪತ್ತೆರಡರ ಕಪ್ಪು ಪಿಯಾನೊ ವಾದಕನೂ ಬಂದಿದ್ದ. ವಿಲ್ಸನ್ ಟೆಕ್ಸಾಸ್‌ನಲ್ಲಿ ಹುಟ್ಟಿ, ಟಸ್ಕೆಗಿಯ ಶಿಕ್ಷಣ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದವರ ಮನೆಯಲ್ಲಿ ಬೆಳೆದವನು, ಮೃದು ಮಾತು, ಮೃದು ಕೈ. ಊಟದ ಮೇಲೆ ಇಬ್ಬರೂ ಸುಮ್ಮನೆ ಶುರು ಮಾಡಿದರು. ತಾಳಕ್ಕೆ ಯಾರೂ ಇಲ್ಲ. ಮನೆಯಾಕೆಯ ಸಂಬಂಧಿ ಹುಡುಗನೊಬ್ಬ, ವಿಮಾನ ಓಡಿಸುವವನು, ಒಂದು ಸೂಟ್‌ಕೇಸು ಎಳೆದುಕೊಂಡು ಅದರ ಮೇಲೆ ಕಡ್ಡಿ ಬ್ರಷ್ಷಿನಿಂದ ತಾಳ ಹಾಕಿದ. ಅಷ್ಟೇ ಮೇಳ. ಕ್ಲಾರಿಯೋನೆಟ್ ಒಂದು ಮಾತು ಅಂದರೆ ಪಿಯಾನೊ ಮುಗಿಸುತ್ತಿತ್ತು, ಪಿಯಾನೊ ಕೇಳಿದ್ದಕ್ಕೆ ಕ್ಲಾರಿಯೋನೆಟ್ ಉತ್ತರ ಕೊಡುತ್ತಿತ್ತು. ಒಂದೇ ತಲೆ ಎರಡು ವಾದ್ಯ ನುಡಿಸಿದ ಹಾಗಿತ್ತು ಅಂತ ಗುಡ್‌ಮನ್ ಮುಂದೆ ನೆನೆಸಿಕೊಂಡ.

ಆ ಸುಖ ಅಲ್ಲಿಗೇ ಬಿಡಲು ಆತ ತಯಾರಿರಲಿಲ್ಲ. 1935ರ ಜುಲೈ 13ರಂದು ವಿಕ್ಟರ್ ಕಂಪನಿಯ ಸ್ಟುಡಿಯೋದಲ್ಲಿ ಮೂವರು ಕೂತರು. ಗುಡ್‌ಮನ್, ವಿಲ್ಸನ್, ಮತ್ತು ಸೂಟ್‌ಕೇಸಿನ ಬದಲು ನಿಜವಾದ ಡ್ರಮ್ಮು ಹಿಡಿದ ಶಿಕಾಗೋದ ಜೀನ್ ಕ್ರೂಪಾ, ಇವನು ಬಿಳಿಯ. ಆ ರೆಕಾರ್ಡು ಕೇಳುವಾಗ ಒಂದು ವಿಷಯಕ್ಕೆ ಕಿವಿ ಕೊಡಿ. ಸಾಮಾನ್ಯವಾಗಿ ಜಾಝ್ ಮೇಳಕ್ಕೆ ಬುಡದಲ್ಲಿ ದಪ್ಪ ತಂತಿಯ ಬೇಸ್ ಇರುತ್ತದೆ, ನಮ್ಮ ತಂಬೂರಿ ಇದ್ದಂತೆ ನೆಲ ಹಾಕಿಕೊಡಲು. ಇಲ್ಲಿ ಅದಿಲ್ಲ. ವಿಲ್ಸನ್‌ನ ಎಡಗೈಯೇ ನೆಲ. ಬಲಗೈ ಕ್ಲಾರಿಯೋನೆಟ್ ಜೊತೆ ಹರಟೆ. ಕ್ರೂಪಾ ದೊಡ್ಡ ಬ್ಯಾಂಡಿನಲ್ಲಿ ಗುಡುಗುವವನು, ಇಲ್ಲಿ ಬ್ರಷ್ಷು ಹಿಡಿದು ಜೋಳ ಕೇರುವ ಸದ್ದು ಮಾಡುತ್ತಾನೆ. ಯಾರೂ ಯಾರನ್ನೂ ಮುಚ್ಚುವುದಿಲ್ಲ.

ರೆಕಾರ್ಡಿನಲ್ಲಿ ಬಣ್ಣ ಕಾಣುವುದಿಲ್ಲವಲ್ಲ, ಹಾಗಾಗಿ ಕಪ್ಪು ಬಿಳಿ ಕೂಡಿ ನುಡಿಸುವುದು ಸ್ಟುಡಿಯೋದಲ್ಲಿ ಮೊದಲೂ ನಡೆದಿತ್ತು. ದುಡ್ಡು ಕೊಟ್ಟು ಬಂದ ಜನರ ಎದುರು, ಹೆಸರಾದ ಬಿಳಿ ಬ್ಯಾಂಡಿನ ವೇದಿಕೆ ಮೇಲೆ ಕೂಡುವುದು ಬೇರೆ ಮಾತು. 1936ರ ಈಸ್ಟರ್ ಹಬ್ಬದ ದಿನ ಶಿಕಾಗೋದ ಕಾಂಗ್ರೆಸ್ ಹೋಟೆಲಿನಲ್ಲಿ ಹೆಲೆನ್ ಓಕ್ಲಿ ಅನ್ನುವ ಜಾಝ್ ಅಭಿಮಾನಿ ಹೆಣ್ಣುಮಗಳು ಒಂದು ಕಛೇರಿ ಏರ್ಪಡಿಸಿ, ವಿಲ್ಸನ್‌ನನ್ನು ಕರೆಸಿಯೇ ಬಿಟ್ಟಳು. ಏನಾದೀತೋ ಅಂತ ಎಲ್ಲರಿಗೂ ಅಂಜಿಕೆ. ಗುಡ್‌ಮನ್‌ಗೂ ಮೊದಲು ಹಿಂಜರಿಕೆ ಇತ್ತು ಅನ್ನುತ್ತಾರೆ, ಅದನ್ನು ಮುಚ್ಚಿಡಬೇಕಿಲ್ಲ. ಮೂವರೂ ನುಡಿಸಿದರು. ಏನೂ ಆಗಲಿಲ್ಲ. ಜನ ಚಪ್ಪಾಳೆ ತಟ್ಟಿದರು, ಇನ್ನೊಂದು ಬೇಕು ಅಂದರು. ವಿಲ್ಸನ್ ಅಲ್ಲಿಂದ ತಂಡದವನಾದ.

ಆದರೂ ಅದಕ್ಕೊಂದು ಬೇಲಿ ಇತ್ತು. ದೊಡ್ಡ ಬ್ಯಾಂಡಿನ ಪಿಯಾನೊ ಮುಂದೆ ಕೂಡುವವನು ಬಿಳಿಯ ಜೆಸ್ ಸ್ಟೇಸಿ. ಬ್ಯಾಂಡು ಇಳಿದ ಮೇಲೆ ವಿಶೇಷ ಅತಿಥಿ ಅನ್ನುವ ನೆಪದಲ್ಲಿ ವಿಲ್ಸನ್ ಬರಬೇಕು, ಸಣ್ಣ ಮೇಳ ನುಡಿಸಿ ಹೋಗಬೇಕು. ಕಪ್ಪು ಪಿಯಾನೊ ವಾದಕ ದೊಡ್ಡ ಬ್ಯಾಂಡಿನ ಒಳಗೇ ಕೂತದ್ದು 1939ರಲ್ಲಿ ಹೆಂಡರ್ಸನ್ ಬಂದಾಗ. ಆ ಕಾಲದಲ್ಲಿ ಬಹಳ ಹೋಟೆಲುಗಳಲ್ಲಿ ಕಪ್ಪು ವಾದಕ ವೇದಿಕೆ ಮೇಲೆ ನುಡಿಸಬಹುದು, ಅದೇ ಹೋಟೆಲಿನಲ್ಲಿ ಊಟ ಮಾಡುವ ಹಾಗಿಲ್ಲ, ಮಲಗುವ ಹಾಗಿಲ್ಲ.

ಇದನ್ನು ತಿಳಿದಾಗ ನನಗೆ ನಮ್ಮ ಬ್ಯಾಂಡು ನೆನಪಾಯಿತು. ಮದುವೆ ಮನೆಯಲ್ಲಿ ನಮಗೆ ಊಟ ಕೊನೆ ಪಂಕ್ತಿ, ಅದೂ ಹಿತ್ತಲಲ್ಲಿ. ನಾನು ರೈತರ ಮನೆ ಹುಡುಗ ಅಂತ ನನ್ನೊಬ್ಬನನ್ನು ಒಳಗೆ ಕರೆಯುತ್ತಿದ್ದರು. ಮೊದಲ ಸೀಜನ್ನಿನಲ್ಲಿ ಎರಡು ಮೂರು ಸಲ ಒಳಗೆ ಹೋಗಿ ಉಂಡಿದ್ದೇನೆ. ನನಗೆ ಆ ರಾಗ ಈ ರಾಗ ಅಂತ ತಿದ್ದಿದ ಮೇಷ್ಟ್ರು ಹೊರಗೆ ಎಲೆ ಹಿಡಿದು ಕಾಯುತ್ತಿದ್ದರು. ಈಗ ನೆನೆದರೆ ಅನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಗುಡಿ ಕಟ್ಟೆಯ ಮೇಲೆ ಕೂತಾಗ ಮಾತ್ರ ಮೇಷ್ಟ್ರು ಮೇಷ್ಟ್ರೇ, ನಾನು ಶಿಷ್ಯನೇ.

1936ರ ಆಗಸ್ಟಿನಲ್ಲಿ ಮೂವರ ಮೇಳ ನಾಲ್ವರದಾಯಿತು. ಲಾಸ್ ಏಂಜಲೀಸ್‌ನ ಪ್ಯಾರಡೈಸ್ ಕೆಫೆ ಅನ್ನುವ ಸಾದಾ ಜಾಗದಲ್ಲಿ ಲಯನೆಲ್ ಹ್ಯಾಂಪ್ಟನ್ ಅನ್ನುವ ಕಪ್ಪು ವಾದಕ ವೈಬ್ರಾಫೋನ್ ನುಡಿಸುತ್ತಿದ್ದ. ಅದು ಲೋಹದ ಪಟ್ಟಿಗಳ ಸಾಲು, ಉಣ್ಣೆ ಸುತ್ತಿದ ಕೋಲಿನಿಂದ ಬಡಿದರೆ ಜಲತರಂಗದ ಹಾಗೆ ನಾದ ತೇಲುತ್ತದೆ. ಪಟ್ಟಿಗಳ ಕೆಳಗೆ ಮೋಟರಿನಿಂದ ತಿರುಗುವ ಬಿಲ್ಲೆಗಳಿದ್ದು, ನಾದ ಅಲೆ ಅಲೆಯಾಗಿ ನಡುಗುತ್ತದೆ. ಗುಡ್‌ಮನ್ ಕೇಳಲು ಬಂದವನು ತಾನೂ ಕ್ಲಾರಿಯೋನೆಟ್ ತೆಗೆದು ಕೂತುಬಿಟ್ಟ. ಮತ್ತೆ ವಿಲ್ಸನ್‌ನನ್ನೂ ಕ್ರೂಪಾನನ್ನೂ ಕರೆದುಕೊಂಡು ಬಂದ. ಆಗಸ್ಟ್ 21ರಂದು, ಪಾಲೊಮಾರ್ ರಾತ್ರಿಗೆ ಸರಿಯಾಗಿ ಒಂದು ವರ್ಷಕ್ಕೆ, ನಾಲ್ವರೂ ಮೂನ್‌ಗ್ಲೋ ಅನ್ನುವ ಹಾಡನ್ನು ರೆಕಾರ್ಡು ಮಾಡಿದರು. ಇಬ್ಬರು ಬಿಳಿಯರು, ಇಬ್ಬರು ಕಪ್ಪು ಜನ. ಮೂರು ನಿಮಿಷ ಚಿಲ್ಲರೆ. ನಾನು ರಾತ್ರಿ ಪಂಪ್‌ಸೆಟ್ಟಿನ ಕರೆಂಟು ಕಾಯುತ್ತ ಬಾವಿ ಕಟ್ಟೆ ಮೇಲೆ ಕೂತಾಗ ಅದನ್ನೇ ಹಚ್ಚಿಕೊಳ್ಳುತ್ತೇನೆ. ಹ್ಯಾಂಪ್ಟನ್ ನಾದ ಹರಡಿದ ಮೇಲೆ ಗುಡ್‌ಮನ್ ಅದರ ಮೇಲೆ ಬಂದು ನಿಲ್ಲುವ ರೀತಿ, ಕೆರೆ ನೀರಿನ ಮೇಲೆ ಕೊಕ್ಕರೆ ಇಳಿದ ಹಾಗೆ.

1938ರ ಜನವರಿ 16ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಕಛೇರಿ. ಶಾಸ್ತ್ರೀಯ ಸಂಗೀತದವರ ಆ ಸಭಾಂಗಣಕ್ಕೆ ಕುಣಿತದ ಬ್ಯಾಂಡು ನುಗ್ಗಿದ್ದು ದೊಡ್ಡ ಸುದ್ದಿ. ಡ್ಯೂಕ್ ಎಲಿಂಗ್ಟನ್, ಕೌಂಟ್ ಬೇಸಿ ಅವರ ಬ್ಯಾಂಡುಗಳ ಕಪ್ಪು ವಾದಕರೂ ಅವತ್ತು ವೇದಿಕೆಗೆ ಬಂದರು. ಮೂವರ ಮೇಳ, ನಾಲ್ವರ ಮೇಳ ಎರಡೂ ನುಡಿದವು. ಅವತ್ತಿನ ರೆಕಾರ್ಡು 1950ರಲ್ಲಿ ಹೊರಬಂದು ಭಾರಿ ಮಾರಾಟವಾಯಿತು.

1939ರ ಆಗಸ್ಟಿನ ಚಾರ್ಲಿ ಕ್ರಿಶ್ಚಿಯನ್ ಪ್ರಸಂಗ ಬಿಡುವ ಹಾಗಿಲ್ಲ. ಒಕ್ಲಹೋಮಾದಲ್ಲಿ ಬೆಳೆದ ಇಪ್ಪತ್ತಮೂರರ ಕಪ್ಪು ಹುಡುಗ, ಕರೆಂಟು ಗಿಟಾರ್ ನುಡಿಸುವವನು. ಜಾನ್ ಹ್ಯಾಮಂಡ್ ಅನ್ನುವ ಸಂಗೀತ ಪ್ರೇಮಿ ಸಾಹುಕಾರ ಕರೆತಂದ. ಗುಡ್‌ಮನ್ ಸರಿಯಾಗಿ ಕಣ್ಣೆತ್ತಿ ನೋಡಲೂ ಇಲ್ಲ. ರಾತ್ರಿ ಊಟದ ವಿರಾಮದಲ್ಲಿ ಹ್ಯಾಮಂಡ್ ಮತ್ತು ಗೆಳೆಯರು ಹುಡುಗನ ಸಾಮಾನು ಕದ್ದು ವೇದಿಕೆಗೆ ಏರಿಸಿಬಿಟ್ಟರು. ಗುಡ್‌ಮನ್ ಬಂದು ನೋಡಿ ಸಿಟ್ಟಾದ. ಹುಡುಗನಿಗೆ ಗೊತ್ತಿರಲಿಕ್ಕಿಲ್ಲ ಅಂತ ಎಣಿಸಿ ರೋಸ್ ರೂಮ್ ಅನ್ನುವ ಹಳೇ ಹಾಡು ಎತ್ತಿದ. ಹುಡುಗ ಒಂದು ಸುತ್ತು ನುಡಿಸಿದ, ಮತ್ತೊಂದು ಸುತ್ತು, ಇನ್ನೊಂದು. ಮೂರು ನಿಮಿಷದ ಹಾಡು ಮುಕ್ಕಾಲು ಗಂಟೆ ನಡೆಯಿತು. ಅವತ್ತೇ ಹುಡುಗ ಕೆಲಸಕ್ಕೆ ಸೇರಿದ. ಕಿವಿಗೆ ಬಿದ್ದ ಮೇಲೆ ತನ್ನ ಹಟ ಬಿಡುವ ಈ ಗುಣಕ್ಕಾಗಿ ನಾನು ಗುಡ್‌ಮನ್‌ನ ಬೇರೆ ತಪ್ಪುಗಳನ್ನು ಸ್ವಲ್ಪ ಮನ್ನಿಸುತ್ತೇನೆ. ಕ್ರಿಶ್ಚಿಯನ್ ಹೆಚ್ಚು ದಿನ ಬಾಳಲಿಲ್ಲ, 1942ರ ಮಾರ್ಚಿನಲ್ಲಿ ಕ್ಷಯದಿಂದ ತೀರಿಹೋದ. ಇಪ್ಪತ್ತೈದು ವಯಸ್ಸು.

ಗುಡ್‌ಮನ್‌ಗೆ ಇನ್ನೊಂದು ಬಗೆಯ ಸಣ್ಣ ಮೇಳದ ಸೆಳೆತವೂ ಇತ್ತು. ಮೊಜಾರ್ಟ್ 1789ರಲ್ಲಿ ತನ್ನ ಗೆಳೆಯ ಆಂಟನ್ ಸ್ಟಾಡ್ಲರ್‌ಗಾಗಿ ಒಂದು ಕೃತಿ ಬರೆದಿದ್ದ. ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೋ, ಅವುಗಳ ನಡುವೆ ಒಂದು ಕ್ಲಾರಿಯೋನೆಟ್. ಜಾಝ್‌ನವನು ಇದನ್ನು ನುಡಿಸುವುದು ಅಂದರೆ ಬಯಲಾಟದವನು ಪುರಾಣ ಪ್ರವಚನಕ್ಕೆ ಕೂತ ಹಾಗೆ. ಮೊದಲ ಸಲ ಒಂದು ಹೆಸರಾದ ತಂತಿವಾದ್ಯ ತಂಡದ ಜೊತೆ ಸರಿಯಾದ ತಯಾರಿ ಇಲ್ಲದೆ ಕೂತು, ಇದು ತನ್ನಿಂದ ಆಗಿಲ್ಲ ಅಂತ ತಾನೇ ಎದ್ದು ಬಂದ. ಬಂದವನು ಅಭ್ಯಾಸಕ್ಕೆ ಬಿದ್ದ. 1938ರ ಏಪ್ರಿಲಿನಲ್ಲಿ ಬುಡಾಪೆಸ್ಟ್ ಕ್ವಾರ್ಟೆಟ್ ಜೊತೆ ಅದೇ ಕೃತಿಯನ್ನು ರೆಕಾರ್ಡು ಮಾಡಿದ. ಇಲ್ಲಿ ಮನೋಧರ್ಮಕ್ಕೆ ಜಾಗವಿಲ್ಲ, ಬರೆದದ್ದನ್ನೇ ನುಡಿಸಬೇಕು. ಹಾಗಿದ್ದೂ ಸುಖ ಅದೇ. ಪಿಟೀಲು ಹಾಡುವಾಗ ತಾನು ಕೆಳಗೆ ಸುಮ್ಮನೆ ಹರಿಯುತ್ತಿರಬೇಕು, ತನ್ನ ಸರದಿ ಬಂದಾಗ ತಲೆ ಎತ್ತಬೇಕು. ಎರಡನೇ ಭಾಗದಲ್ಲಿ ತಂತಿಗಳಿಗೆ ಸದ್ದು ಕಟ್ಟುವ ಮ್ಯೂಟು ಹಾಕಿರುತ್ತಾರೆ, ಅದರ ಮೇಲೆ ಕ್ಲಾರಿಯೋನೆಟ್ ಉದ್ದುದ್ದ ಉಸಿರಿನಲ್ಲಿ ಹಾಡುತ್ತದೆ. ಅದನ್ನು ಮೊದಲ ಸಲ ಕೇಳಿದಾಗ ನಮ್ಮ ಮನೆಯಾಕೆ ಒಳಗಿನಿಂದ ಬಂದು ಯಾರು ಅಳುತ್ತಿರುವುದು ಅಂತ ಕೇಳಿದಳು.

ಅದೇ ವರ್ಷ ಹಂಗೇರಿಯ ಬೇಲಾ ಬಾರ್ಟೋಕ್ ಆತನಿಗಾಗಿ ಬರೆದ. ಪಿಟೀಲು ವಿದ್ವಾಂಸ ಯೋಸೆಫ್ ಸಿಗೆಟಿ ಹೊಂದಿಸಿಕೊಟ್ಟದ್ದು, ಗುಡ್‌ಮನ್ ಕೊಟ್ಟದ್ದು 300 ಡಾಲರ್. ಕೇಳಿದ್ದು ಒಂದು ರೆಕಾರ್ಡಿನ ಎರಡು ಮಗ್ಗುಲಿಗೆ ಹಿಡಿಸುವಷ್ಟು ಸಣ್ಣದು. ಬಾರ್ಟೋಕ್ ಬರೆದದ್ದು ಮೂರು ಭಾಗ, ಹದಿನೇಳು ನಿಮಿಷದ ಹತ್ತಿರ. ಕೊಟ್ಟ ದುಡ್ಡಿಗೆ ಜಾಸ್ತಿ ಮಾಲು ತೂಗಿದ ವ್ಯಾಪಾರ ಇದೊಂದೇ ನಾನು ಕೇಳಿದ್ದು. ಕ್ಲಾರಿಯೋನೆಟ್, ಪಿಟೀಲು, ಪಿಯಾನೊ ಮೂರೇ. ಕಾಂಟ್ರಾಸ್ಟ್ಸ್ ಅಂತ ಹೆಸರು. ಊದುವವನು ಎರಡು ಬೇರೆ ಶ್ರುತಿಯ ಕ್ಲಾರಿಯೋನೆಟ್ ಇಟ್ಟುಕೊಳ್ಳಬೇಕು. ಕೊನೆ ಭಾಗದಲ್ಲಿ ಪಿಟೀಲಿನವನು ತಂತಿ ಶ್ರುತಿ ಬೇಕಂತಲೇ ಕೆಡಿಸಿದ ಪಿಟೀಲು ಎತ್ತಿಕೊಂಡು ಹಳ್ಳಿ ಕುಣಿತದ ಹಾಗೆ ಶುರು ಮಾಡುತ್ತಾನೆ. 1940ರಲ್ಲಿ ಬಾರ್ಟೋಕ್ ತಾನೇ ಪಿಯಾನೊಕ್ಕೆ ಕೂತು, ಸಿಗೆಟಿ, ಗುಡ್‌ಮನ್ ಜೊತೆ ರೆಕಾರ್ಡು ಮಾಡಿದ. ನನಗೆ ಇದು ಪೂರ್ತಿ ತಿಳಿಯುವುದಿಲ್ಲ. ಆದರೆ ಮೂವರೂ ಒಬ್ಬರನ್ನೊಬ್ಬರು ಕೆಣಕುವುದು ತಿಳಿಯುತ್ತದೆ.

ಇಷ್ಟಾದ ಮೇಲೂ ಆತನಿಗೆ ತೃಪ್ತಿಯಿಲ್ಲ. 1949ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಇಂಗ್ಲೆಂಡಿನಿಂದ ಬಂದಿದ್ದ ರೆಜಿನಾಲ್ಡ್ ಕೆಲ್ ಹತ್ತಿರ ಶಿಷ್ಯನಾಗಿ ಸೇರಿದ. ಮೂವತ್ತು ವರ್ಷ ಮೇಲಿನ ಹಲ್ಲು ಊರಿ ಊದಿದವನು ಈಗ ಹಲ್ಲಿನ ಮೇಲೆ ತುಟಿ ಮಡಚಿ ಊದಲು ಕಲಿಯಬೇಕು. ಬೆರಳು ಇಡುವ ರೀತಿಯೂ ಬದಲು. ಊದುವವರಿಗೆ ಗೊತ್ತು, ಇದು ಬಲಗೈಯವನು ನಲವತ್ತಕ್ಕೆ ಎಡಗೈಯಲ್ಲಿ ಬಿತ್ತಲು ಕಲಿತ ಹಾಗೆ. ಜಾಝ್‌ನ ಹಳೇ ಬಿಸಿ ಆಮೇಲೆ ಕಮ್ಮಿಯಾಯಿತು ಅನ್ನುವವರೂ ಇದ್ದಾರೆ. ನನ್ನ ಕಿವಿಗೂ ಸ್ವಲ್ಪ ಹಾಗೇ ಅನ್ನಿಸುತ್ತದೆ. ರಾಜನಾಗಿದ್ದವನು ಮತ್ತೆ ಶಾಲೆಗೆ ಹೋದ, ಅದು ನನಗೆ ಹಿಡಿಸಿದ್ದು.

ಆತ ದೇವರಂಥ ಮನುಷ್ಯ ಅಂತ ಯಾರೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಕೈ ಬಿಗಿ. ತಪ್ಪು ನುಡಿಸಿದವನನ್ನು ಕನ್ನಡಕದ ಒಳಗಿಂದ ದಿಟ್ಟಿಸಿ ನೋಡಿದರೆ ಎಷ್ಟೋ ವಾದಕರ ಜೀವ ಹಾರುತ್ತಿತ್ತು, ಆ ನೋಟಕ್ಕೆ ಬ್ಯಾಂಡಿನವರು ಒಂದು ಅಡ್ಡಹೆಸರನ್ನೇ ಇಟ್ಟಿದ್ದರು. ವರ್ಷಗಟ್ಟಲೆ ಜೊತೆಗಿದ್ದವರ ಹೆಸರೂ ನೆನಪಿರುತ್ತಿರಲಿಲ್ಲ, ಎಲ್ಲರನ್ನೂ ಪಾಪ್ಸ್ ಅಂತಲೇ ಕರೆಯುತ್ತಿದ್ದ. 1962ರಲ್ಲಿ ಅಮೆರಿಕ ಸರ್ಕಾರದ ಪರವಾಗಿ ಸೋವಿಯತ್ ದೇಶಕ್ಕೆ ಬ್ಯಾಂಡು ಕರೆದೊಯ್ದಾಗ ಆತನ ಮತ್ತು ವಾದಕರ ನಡುವೆ ಜಗಳವೋ ಜಗಳ. ದೊಡ್ಡ ಬ್ಯಾಂಡಿನಲ್ಲಿ ಆತ ಯಜಮಾನ, ಅದೂ ಗಡಸು ಯಜಮಾನ. ಸಣ್ಣ ಮೇಳದ ರೆಕಾರ್ಡು ಕೇಳಿದರೆ ಆ ಮನುಷ್ಯನೇ ಇವನಾ ಅನ್ನಿಸುತ್ತದೆ. ಅಲ್ಲಿ ಕಾಯುತ್ತಾನೆ, ದಾರಿ ಬಿಡುತ್ತಾನೆ, ವಿಲ್ಸನ್ ಚೆನ್ನಾಗಿ ಏನಾದರೂ ಅಂದರೆ ಅದನ್ನೇ ಎತ್ತಿಕೊಂಡು ಮುದ್ದಿಸಿ ಹಿಂದಕ್ಕೆ ಕೊಡುತ್ತಾನೆ.

1956ರ ಕೊನೆಗೆ ಪೂರ್ವ ದೇಶಗಳ ಸಂಚಾರಕ್ಕೆ ಬಂದಾಗ ಬ್ಯಾಂಕಾಕಿನಲ್ಲಿ ಅಲ್ಲಿಯ ರಾಜ ಭೂಮಿಬಲರ ಜೊತೆ ನುಡಿಸಿದ. ಆ ರಾಜರಿಗೂ ಕ್ಲಾರಿಯೋನೆಟ್, ಸ್ಯಾಕ್ಸೋಫೋನ್ ಎರಡೂ ಬರುತ್ತಿದ್ದವು, ಜಾಝ್ ಹಾಡು ಕಟ್ಟುವ ಹವ್ಯಾಸವೂ ಇತ್ತು.

ಹಳೇ ನಾಲ್ವರು ಆಗಾಗ ಸೇರುತ್ತಿದ್ದರು. 1963ರಲ್ಲಿ ಒಂದು ರೆಕಾರ್ಡು. 1973ರ ಬೇಸಿಗೆಯಲ್ಲಿ ಕಾರ್ನೆಗಿ ಹಾಲಿನಲ್ಲೇ ಮತ್ತೆ ಕೂತರು, ಮೂವತ್ತೈದು ವರ್ಷ ಹಿಂದೆ ಕೂತ ಅದೇ ವೇದಿಕೆ. ಕ್ರೂಪಾಗೆ ಆಗಲೇ ರಕ್ತದ ಕ್ಯಾನ್ಸರ್, ಮೈಯಲ್ಲಿ ಶಕ್ತಿಯಿಲ್ಲ. ಆದರೂ ಬಂದು ನುಡಿಸಿದ. ಅದೇ ಅಕ್ಟೋಬರಿನಲ್ಲಿ ತೀರಿಹೋದ.

ಗುಡ್‌ಮನ್‌ನ ಹೆಂಡತಿ ಆಲಿಸ್ 1978ರಲ್ಲಿ ಹೋದಳು. ಆಕೆ ಚಾರ್ಲಿ ಹುಡುಗನನ್ನು ಕರೆತಂದ ಆ ಜಾನ್ ಹ್ಯಾಮಂಡ್‌ನ ಅಕ್ಕ. ಇಬ್ಬರು ಹೆಣ್ಣುಮಕ್ಕಳು. ಬೆನ್ನು ನೋವು ಆತನಿಗೆ ನಡುವಯಸ್ಸಿನಿಂದಲೂ ಇದ್ದದ್ದೇ, ಕೊನೆಗೆ ಹೃದಯವೂ ಕೈಕೊಡುತ್ತಿತ್ತು. ಅಭ್ಯಾಸ ಮಾತ್ರ ಒಂದು ದಿನ ತಪ್ಪಿದ್ದಿಲ್ಲ ಅನ್ನುತ್ತಾರೆ. 1986ರ ಜೂನ್ 13ರಂದು ನ್ಯೂಯಾರ್ಕಿನ ಮನೆಯಲ್ಲಿ ಹೃದಯಾಘಾತ. ಅವತ್ತೂ ಕ್ಲಾರಿಯೋನೆಟ್ ಹೊರಗೆ ತೆಗೆದಿದ್ದ. ವಯಸ್ಸು ಎಪ್ಪತ್ತೇಳು. ಆತನ ಹಾಳೆಗಳು, ಟೇಪುಗಳು ಯೇಲ್ ವಿಶ್ವವಿದ್ಯಾಲಯಕ್ಕೆ ಹೋದವು.

ಸುಮಾರು ಏಳು ವಾರ ಕಳೆದು ಜುಲೈ 31ರಂದು ಟೆಡ್ಡಿ ವಿಲ್ಸನ್ ಹೋದ. ಹ್ಯಾಂಪ್ಟನ್ ಒಬ್ಬನೇ ಉಳಿದು, 2002ರ ತನಕ ಬಾಳಿದ. ನನ್ನ ಕ್ಲಾರಿಯೋನೆಟ್ಟಿನ ರೀಡು ಸೀಳಿ ವರ್ಷಗಳಾದವು, ಹೋದ ತಿಂಗಳು ಬಳ್ಳಾರಿಗೆ ಶೇಂಗಾ ಹಾಕಲು ಹೋದಾಗ ಎರಡು ಹೊಸ ರೀಡು ತಂದಿಟ್ಟಿದ್ದೇನೆ. ಹಾರ್ಮೋನಿಯಂನವನು ಇನ್ನೂ ಊರಲ್ಲೇ ಇದ್ದಾನೆ.